ಅಕ್ಕನ ಸಿ.ಡಿ.

ಡಿಸ್ಕ್ ರಿಪೇರಿಯವನ ಅಂಗಡಿಗೆ ನಾಲ್ಕು ದಿನದಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಮನೆಯಲ್ಲೂ ಮಾತಾಡುವವರಿಲ್ಲದ ಒಂಟಿ ಮನುಷ್ಯ ಅವನು. ಬೆಳಿಗ್ಗೆ ಬೇಗನೆ ಬಂದು, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ಕೂರುತ್ತಿದ್ದ. ಐದನೆಯ ದಿನ ನಿವೃತ್ತ ಟೀಚರೊಬ್ಬರು ಕರವಸ್ತ್ರದಲ್ಲಿ ಸುತ್ತಿದ ವಿಡಿಯೊ ಸಿ.ಡಿ. ತಂದರು.

"ತೀರಿಹೋದ ನಮ್ಮಕ್ಕ ಹಾಡಿದ್ದು. ಕೆಳಗೆಲ್ಲ ಗೀರು ಬಿದ್ದಿದೆ ನೋಡಿ."

"ಅದಕ್ಕೆ ಹೆದರಬೇಡಿ ಅಮ್ಮ. ಕೆಳಗಿರೋದು ಬರೀ ಪ್ಲಾಸ್ಟಿಕ್ಕು, ಉಜ್ಜಿದ್ರೆ ಹೋಗುತ್ತೆ" ಎನ್ನುತ್ತ ಡಿಸ್ಕ್ ತಿರುಗಿಸಿದ. ಮೇಲ್ಗಡೆ, ಅಂಚಿನ ಹತ್ತಿರ, ಬಾಲ್‌ಪೆನ್ನಿನಲ್ಲಿ ಒತ್ತಿ 'ಅಕ್ಕನ ಹಾಡು' ಎಂದು ಬರೆದಿತ್ತು.

"ಕಳೆದುಹೋಗಬಾರದು ಅಂತ ನಾನೇ ಬರೆದೆ" ಎಂದರು ಟೀಚರು.

ಅವನು ಆ ಅಕ್ಷರಗಳ ಮೇಲೆ ಬೆರಳಾಡಿಸಿದ. "ಚಿತ್ರ, ದನಿ ಎಲ್ಲ ಇರೋದು ಈ ಮೇಲ್ಮುಖಕ್ಕೆ ಅಂಟಿಕೊಂಡೇ ಅಮ್ಮ. ಅದರ ಮೇಲೆ ಕೂದಲೆಳೆಗಿಂತ ತೆಳ್ಳಗಿನ ವಾರ್ನಿಷ್ ಅಷ್ಟೇ. ಪೆನ್ನು ಒತ್ತಿದ ಕಡೆ ಎಲ್ಲ ಹೋಗಿರುತ್ತೆ. ಆದ್ರೆ ಮಿಷನ್ನು ನಡುವಿನಿಂದ ಸುತ್ತುತ್ತ ಅಂಚಿಗೆ ಓದುತ್ತೆ. ಮೊದಲ ಭಾಗ ಸಿಗಬಹುದು."

ಅರ್ಧ ಗಂಟೆ ಉಜ್ಜಿ, ಪ್ಲೇಯರಿಗೆ ಹಾಕಿದ. ಪರದೆಯ ಮೇಲೆ ಅಕ್ಕ ಯಾರ ಯಾರ ಜೊತೆಗೋ ಹರಟಿದಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಕ್ಯಾಮೆರಾದ ಕಡೆ ತಿರುಗಿ "ಎಲ್ಲಿ ನೋಡ್ಬೇಕೇ, ಇಲ್ಲಾ?" ಎಂದು ಕೇಳಿ ಬಿದ್ದುಬಿದ್ದು ನಕ್ಕಳು. ಹಾಡಲು ಬಾಯಿ ತೆರೆಯುತ್ತಲೇ ಚಿತ್ರ ಚೂರುಚೂರಾಗಿ ನಿಂತಿತು.

"ಹಾಡೆಲ್ಲ ನನಗೆ ಬಾಯಿಪಾಠ" ಎಂದರು ಟೀಚರು ಮೆಲ್ಲಗೆ. "ಅವಳ ನಗು ಮಾತ್ರ ಮರೆತೇಹೋಗಿತ್ತು. ಮನೇಲಿ ಪ್ಲೇಯರ್ ಇಲ್ಲ. ಇನ್ನೊಂದ್ಸಲ ಹಾಕ್ತೀರಾ?"

"ಎಷ್ಟು ಸಲ ಬೇಕಾದ್ರೂ" ಎಂದು ಅವನು ತನ್ನ ಸ್ಟೂಲನ್ನು ಅವರ ಪಕ್ಕಕ್ಕೆ ಎಳೆದುಕೊಂಡ.

ಅವರು ಹೋದ ಮೇಲೂ ಸಂಜೆಯವರೆಗೆ ಆ ಸ್ಟೂಲನ್ನು ಅಲ್ಲಿಂದ ಸರಿಸಲಿಲ್ಲ.