ಬಂಡೆಮ್ಮ ದಾಟಿಸಿದ ನೀರು

ಹೈದರಾಬಾದಿನ ಜೀಡಿಮೆಟ್ಲಾದ ಔಷಧ ಕಾರ್ಖಾನೆಗಳ ಹಿಂದಿನ ಆ ಓಣಿಯಲ್ಲಿ ಬಂಡೆಮ್ಮನ ಸಿಟ್ಟಿಗೆ ಹೆದರದವರು ಇರಲಿಲ್ಲ. ನೀರಿನ ಟ್ಯಾಂಕರಿನವನು ಓಣಿಯ ಬಾಯಲ್ಲೇ ಪೈಪು ಬಿಟ್ಟು ಹೊರಡಲು ನೋಡಿದರೆ ಆಕೆ ಗಾಡಿಯ ಮುಂದೆ ಕೊಡ ಇಟ್ಟು, ಅದರ ಪಕ್ಕದಲ್ಲಿ ತಾನೂ ಕೂತುಬಿಡುವಳು. ತೆಲುಗಿನಲ್ಲಿ ಶುರುವಾದ ಬೈಗುಳ ಹಿಂದಿಗೆ ಹೊರಳಿ, ಅದೂ ಸಾಲದಾದಾಗ ಸುರಪುರದ ಕಡೆಯ ಕನ್ನಡಕ್ಕೆ ಬಂದು ನಿಲ್ಲುವುದು. ಅಷ್ಟು ಹೊತ್ತಿಗೆ ಡ್ರೈವರು ಪೈಪು ಎಳೆದುಕೊಂಡು ಒಳಗೆ ಬಂದಿರುತ್ತಿದ್ದ. "ನಿನ್ನ ಬಾಯಾಗ ಬೋರ್ ಹೊಡದಂಗ ಐತಿ, ಬ್ಯಾಸಗ್ಯಾಗೂ ಬತ್ತೂದಿಲ್ಲ" ಎಂದು ಗಂಡ ಗೊಲ್ಲಾಳಪ್ಪ ನಗುತ್ತಿದ್ದ.

ಆದರೆ ಆ ಸಿಟ್ಟು ಉಂಡ ಕೂಡಲೇ ಇಳಿಯುವಂಥದು. ಇಳಿಯದ ಸಿಟ್ಟು ಬೇರೆಯೇ ಇತ್ತು, ಅದು ನೀರಿನಿಂದಲೇ ಹುಟ್ಟಿದ್ದು.

ಮದುವೆಯಾದ ವರ್ಷವೇ ಗಂಡನ ಹಿಂದೆ ಹೈದರಾಬಾದಿಗೆ ಬಂದವಳು ಆಕೆ. ಮೊದಲು ನೆಲೆಸಿದ ಕೊಂಡಾಪುರದಲ್ಲಿ ಆಗಿನ್ನೂ ಮನೆಗಿಂತ ಬಂಡೆಗಳೇ ಹೆಚ್ಚು. ಅವನ್ನು ಒಡೆದು ಎಬ್ಬಿಸಿದ ಕಟ್ಟಡಗಳಲ್ಲಿ ಎಷ್ಟೋ ಮಹಡಿಗಳ ಮರಳು, ಸಿಮೆಂಟು ಬಂಡೆಮ್ಮನ ತಲೆಯ ಮೇಲಿನ ಬುಟ್ಟಿಯಲ್ಲೇ ಹತ್ತಿದ್ದು. ಸೈಟಿನ ತಗಡಿನ ಶೆಡ್ಡಿನಲ್ಲಿ ಮಗಳು ಶೈಲಾ ಹುಟ್ಟಿದಳು. ಅವಳ ಬೆನ್ನಿಗೆ ಒಂದು ಗಂಡು ಹುಟ್ಟಿತು. ಮಳೆಗಾಲದ ಒಂದು ದಿನ ಆ ಕೂಸಿಗೆ ಭೇದಿ ಹತ್ತಿತು. ಬೆಳಿಗ್ಗೆ ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದದ್ದು ಸಂಜೆಗೆಲ್ಲ ಕಣ್ಣು ಒಳಗಿಳಿದು, ನೆತ್ತಿ ಕುಳಿಬಿದ್ದು, ಅಳಲೂ ಕಣ್ಣಲ್ಲಿ ನೀರಿಲ್ಲದಂತಾಯಿತು. ಸಿಕಂದರಾಬಾದಿನ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವಳ ಹೆಗಲ ಮೇಲೆಯೇ ತಣ್ಣಗಾಯಿತು. ಒಳಗಿದ್ದವರು ಮೊದಲು ಕೇಳಿದ್ದು, "ಯಾವ ನೀರು ಕುಡಿಸಿದೆ?" ಎಂದು. ಸೈಟಿನ ಡ್ರಮ್ಮಿನ ನೀರು. ಬೇರೆ ಯಾವ ನೀರು ಇತ್ತು ಅಲ್ಲಿ? ಕೂಸಿನ ಮುಖ ಕ್ರಮೇಣ ಮಸುಕಾದರೂ ಆ ಪ್ರಶ್ನೆ ಕೇಳಿದ ದನಿ ಮಾತ್ರ ಅವಳ ಕಿವಿಯಲ್ಲಿ ಹಾಗೇ ಉಳಿಯಿತು.

ಕಟ್ಟಡ ಮುಗಿದು ಜನ ಬಂದು ಸೇರಿದ ಮೇಲೆ ನೆಲ ತಿಕ್ಕುವ ಕೆಲಸಕ್ಕೆ ಅದೇ ಕಟ್ಟಡಕ್ಕೆ ಹೋಗಿದ್ದಳು. ಬಿಸಿಲಿಗೆ ಬಾಯಾರಿ ವಾಚ್‌ಮನ್‌ನನ್ನು ನೀರು ಕೇಳಿದಳು. ಅವನು ಗಿಡಗಳಿಗೆ ಬಿಡುವ ಪೈಪಿನ ಕಡೆ ಕೈ ತೋರಿಸಿದ. ಅಂದಿನಿಂದ ಅವಳ ಬಾಗಿಲಿಗೆ ಯಾರೇ ಬಂದರೂ ಹೆಸರು ಕೇಳುವ ಮೊದಲು ನೀರು ಕೊಡುತ್ತಿದ್ದಳು. ಕೊಡುವಾಗಲೂ ಸಿಟ್ಟಿನಲ್ಲೇ ಕೊಡುತ್ತಿದ್ದಳು, ಆ ಮಾತು ಬೇರೆ.

ಇಂಥವಳ ಓಣಿಗೆ ಒಂದು ಬೇಸಿಗೆಯಲ್ಲಿ ಸಂಶೋಧನಾ ಸಂಸ್ಥೆಯೊಂದರಿಂದ ವೈಜನಾಥ ಬಂದ. ಬೀದರಿನ ಕಡೆಯವನು, ಕನ್ನಡ ಬಲ್ಲವನು. ಜೊತೆಗೆ ಭಾಗ್ಯಶ್ರೀ ಎಂಬ ಹುಡುಗಿ, ವಾರಕ್ಕೊಮ್ಮೆ ಮನೆಮನೆಗೆ ಬಂದು ಮಕ್ಕಳ ಹೊಟ್ಟೆಯ ಸುದ್ದಿ ಬರೆದುಕೊಳ್ಳುವವಳು. ಟೆಂಪೊ ತುಂಬ ಬಿಳಿ ಬಕೆಟ್ಟುಗಳು. ಒಳಗೆ ನೀರು ಸೋಸುವ ಕ್ಯಾಂಡಲು, ಕೆಳಗೆ ನಲ್ಲಿ.

"ಲ್ಯಾಬಿನಾಗ ಇದು ಪಾಸಾಗ್ಯಾದ" ಎಂದ ವೈಜನಾಥ. "ಎಂಥಾ ನೀರು ಹಾಕಿದ್ರೂ ಹುಳ ಇಲ್ಲದ ನೀರು ಬರ್ತದ. ಆದ್ರ ಮನ್ಯಾಗ ಇಟ್ಟು ಕುಡಿದ್ರ ಮಕ್ಕಳ ಜುಲಾಬು ಖರೇನ ಕಮ್ಮಿ ಆಗ್ತದೋ ಇಲ್ಲೋ, ಅದನ್ನ ನೋಡಬೇಕು."

"ಬೋರಿನ ನೀರಿಗೆ ಔಷಧದ ವಾಸನಿ ಬರ್ತೈತಲ್ರಿ, ಅದು ಹೋಗ್ತೈತೇನು?" ಬಂಡೆಮ್ಮ ಕೇಳಿದಳು.

"ಇಲ್ಲ ಯವ್ವಾ. ಅದು ಬ್ಯಾರೆ ರೋಗ. ಇದು ಹುಳಕ್ಕಷ್ಟೇ."

ಸುಳ್ಳು ಹೇಳಲಿಲ್ಲ ಎಂಬ ಕಾರಣಕ್ಕೆ ಅವಳು ಅವನನ್ನು ಅರ್ಧ ಮೆಚ್ಚಿದಳು. ಆದರೆ ಮುಂದಿನ ಮಾತಿಗೆ ಆ ಮೆಚ್ಚುಗೆ ಉಳಿಯಲಿಲ್ಲ. ಪ್ರತಿ ಓಣಿಯಲ್ಲೂ ಒಂದು ಸಾಲಿನ ಮನೆಗಳಿಗೆ ಬಕೆಟ್ಟು, ಎದುರು ಸಾಲಿಗೆ ಇಲ್ಲ. ಯಾವ ಸಾಲಿಗೆ ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುವುದು.

"ಯಾಕ್ರಿ? ಎದುರು ಸಾಲಿನಾಗ ಹುಟ್ಟಿದ್ದು ಮಕ್ಕಳಲ್ಲೇನು?"

"ಹಂಗಲ್ಲ. ಒಂದು ವರ್ಷ ಮಳಿ ಕಮ್ಮಿ ಬಿದ್ರ ಜುಲಾಬೂ ಕಮ್ಮಿ ಆಗ್ತದ. ಎಲ್ಲಾರಿಗೂ ಕೊಟ್ಟುಬಿಟ್ರ, ಫಿಲ್ಟರಿನಿಂದ ಆಯ್ತೋ ಮಳಿಯಿಂದ ಆಯ್ತೋ ಹ್ಯಾಂಗ ಹೇಳ್ಲಿ? ಎರಡು ಸಾಲು ಹೋಲಿಸಿ ನೋಡಿದ್ರ ಪಕ್ಕಾ ಆಗ್ತದ. ಪಕ್ಕಾ ಆದ್ರ ಇಂಥ ಎಲ್ಲ ಬಡವರ ಬಸ್ತಿಗೂ ಕೊಡ್ರಿ ಅಂತ ಸರ್ಕಾರದ ಮುಂದ ಹೇಳಾಕ ಬರ್ತದ. ಒಂದು ವರ್ಷ ತಡೀರಿ."

ಚೀಟಿ ಎತ್ತಿದರು. ಬಂಡೆಮ್ಮನ ಸಾಲಿಗೆ ಬಕೆಟ್ಟು ಬಂತು. ಎದುರಿಗೆ, ಕಾರ್ಖಾನೆಯ ಗೋಡೆಗೆ ಆತುಕೊಂಡ ಸಾಲಿನಲ್ಲಿ, ಮಗಳು ಶೈಲಾಳ ಮನೆ. ಅವಳ ಮಗಳು ಪಿಂಕಿ ಆಗತಾನೇ ಎದೆಹಾಲು ಬಿಟ್ಟು ಲೋಟ ಹಿಡಿಯಲು ಕಲಿತಿದ್ದಳು. ಫಿಲ್ಟರಿನ ನೀರನ್ನು ಬೇರೆ ಮನೆಗೆ ಕೊಡುವುದಿಲ್ಲ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಬಂಡೆಮ್ಮ ಒತ್ತಿದಳು. ಈ ಮಾತು ನಡೆಯುವುದಿಲ್ಲ ಎಂದು ಒತ್ತುವಾಗಲೇ ಅವಳಿಗೆ ಗೊತ್ತಿತ್ತು.

ಮರುದಿನ ಸೈಟಿಗೆ ಹೊರಡುವ ಮೊದಲು ಕೊಡ ತುಂಬಿಕೊಂಡು ಓಣಿ ದಾಟಿ, ಶೈಲಾಳ ಒಲೆಯ ಪಕ್ಕ ಇಟ್ಟು ಬಂದಳು. ಪಕ್ಕದ ಮನೆಯ ಸುಂದರಾಬಾಯಿ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಳು.

"ಸಾಹೇಬನ ಮುಂದ ಹೆಬ್ಬೆಟ್ಟು, ಮಗಳ ಮುಂದ ಕೊಡ" ಎಂದಳು.

"ನಿನ್ನ ನಾದಿನಿ ಮನೀನೂ ಆ ಸಾಲಿನಾಗ ಐತಿ. ನೀ ಎಷ್ಟು ದಿನ ಕೈ ಕಟ್ಟಿ ಕುಂದ್ರತಿ ನಾನೂ ನೋಡ್ತೀನಿ."

ಸುಂದರಾಬಾಯಿ ಆ ಸಂಜೆಯವರೆಗೂ ಕೈ ಕಟ್ಟಿ ಕೂರಲಿಲ್ಲ. ವಾರ ಕಳೆಯುವುದರೊಳಗೆ ಬಕೆಟ್ಟಿದ್ದ ಸಾಲಿನ ಒಂದೊಂದು ಮನೆಯಿಂದಲೂ ಎದುರು ಸಾಲಿಗೆ ನೀರು ದಾಟತೊಡಗಿತು. ಯಾರೂ ಕೂತು ಮಾತಾಡಿ ಮಾಡಿದ್ದಲ್ಲ. ಎದುರು ಮನೆಯ ಕೂಸು ಲೋಟ ಹಿಡಿದು ಬಂದರೆ ಇಲ್ಲ ಎನ್ನಲು ನಾಲಿಗೆ ಬರಬೇಕಲ್ಲ. ಭಾಗ್ಯಶ್ರೀ ಬಂದು ಕೇಳಿದಾಗ ಮಾತ್ರ ಎದುರು ಸಾಲಿನವರು ಒಂದೇ ದನಿಯಲ್ಲಿ "ಬೋರಿನ ನೀರ ರಿ ಅಕ್ಕೋರ" ಎನ್ನುತ್ತಿದ್ದರು. ನಿಜ ಹೇಳಿದರೆ ಬಕೆಟ್ಟು ಕಿತ್ತುಕೊಂಡು ಹೋಗುತ್ತಾರೆಂಬ ಹೆದರಿಕೆ. ಆ ಸುಳ್ಳಿನಿಂದ ಯಾರಿಗೂ ಕೇಡಿಲ್ಲ ಎಂದು ಎಲ್ಲರೂ ನಂಬಿದ್ದರು, ಬಂಡೆಮ್ಮನೂ.

ಮಳೆಗಾಲ ಬಂತು. ಚರಂಡಿಗಳು ಉಕ್ಕಿ ಬೋರಿನ ಕಟ್ಟೆಯವರೆಗೂ ಹರಿದವು. ಹಿಂದಿನ ವರ್ಷಗಳಲ್ಲಿ ಆ ತಿಂಗಳುಗಳೆಂದರೆ ಓಣಿಯ ತಾಯಂದಿರು ಕೂಸಿನ ಚಡ್ಡಿ ಬಿಚ್ಚಿದಾಗಲೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಆ ಸಲ ಪಿಂಕಿಗೆ ಏನೂ ಆಗಲಿಲ್ಲ. ಆದರೂ ಶೈಲಾ ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದಳು. "ಎಷ್ಟು ಅಂಜತಿ? ಅದರ ಹೊಟ್ಟಿ ಕಲ್ಲಿನಂಗ ಐತಿ" ಎಂದು ಬಂಡೆಮ್ಮ ಗದರಿಸುವಳು. ಗದರಿಸಿ ತಾನೂ ಒಮ್ಮೆ ಮುಟ್ಟಿ ನೋಡುವಳು.

ವರ್ಷ ತುಂಬಿತು. ವೈಜನಾಥ ಖಾಲಿ ಟೆಂಪೊ ತಂದ. ಓಣಿಯ ಮಧ್ಯೆ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದ: "ಎರಡೂ ಸಾಲಿನ ಲೆಕ್ಕ ತಗದೇವಿ. ಏನೂ ಫರಕ್ ಕಾಣವಲ್ದು. ಫಿಲ್ಟರ್ ಇದ್ದ ಮಕ್ಕಳಿಗೂ ಅಷ್ಟೇ, ಇಲ್ಲದ ಮಕ್ಕಳಿಗೂ ಅಷ್ಟೇ. ಇದರಿಂದ ಉಪಯೋಗ ಇಲ್ಲ ಅಂತ ಬರದು ಮುಗಸ್ತಾರ. ಬಕೀಟ್ ವಾಪಸ್ ಒಯ್ಯಾಕ ಹೇಳ್ಯಾರ."

ಮೊದಲ ಬಕೆಟ್ಟು ಗಾಡಿ ಹತ್ತಿತು, ಎರಡನೆಯದೂ ಹತ್ತಿತು. ಬಂಡೆಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾಕೆ ಫರಕ್ಕಿಲ್ಲ ಎಂದು ಆ ಓಣಿಯಲ್ಲಿ ತಿಳಿಯದವರು ಅವನೂ ಭಾಗ್ಯಶ್ರೀಯೂ ಮಾತ್ರ. ಸುಂದರಾಬಾಯಿ ಅವಳ ಮುಖ ಓದಿದವಳಂತೆ ಮೊಣಕೈ ಹಿಡಿದಳು.

"ಸುಮ್ಕಿರು ಬಂಡೆಮ್ಮಾ. ಹೆಬ್ಬೆಟ್ಟು ಒತ್ತೀವಿ. ಕೇಸು ಗೀಸು ಹಾಕಿದ್ರ ಸೈಟ್ ಬಿಟ್ಟು ಯಾರು ತಿರುಗೋರು?"

"ಕೈ ಬಿಡು."

ಬಂಡೆಮ್ಮ ಹೋಗಿ ಗಾಡಿಯ ಮುಂದೆ ತನ್ನ ಬಕೆಟ್ಟು ಇಟ್ಟು ಕೂತಳು, ಟ್ಯಾಂಕರಿನ ಮುಂದೆ ಕೂತಂತೆಯೇ.

"ಸಾಹೇಬ್ರ, ಫರಕ್ ಹ್ಯಾಂಗ ಕಾಣ್ತೈತ್ರಿ? ಆ ಸಾಲಿನವರೂ ಇದನ್ನ ಕುಡದಾರ. ವರ್ಷ ಪೂರ್ತಿ ನಾನ ಹೊತ್ತು ಹಾಕೀನಿ. ಎಲ್ಲಾರೂ ಹಾಕ್ಯಾರ."

ಭಾಗ್ಯಶ್ರೀ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ವೈಜನಾಥನ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಾಯಿತು.

"ಮತ್ತ ವಾರವಾರ ಬೋರಿನ ನೀರು ಅಂತ ಯಾಕ ಹೇಳಿದ್ರಿ?"

"ನಿಜ ಹೇಳಿದ್ರ ಬಕೀಟ್ ಬಿಡ್ತಿದ್ರೇನು?"

"ಬಿಡ್ತಿರಲಿಲ್ಲ. ಆದ್ರ ನಿಮ್ಮ ಈ ಸುಳ್ಳಿನಿಂದ ಏನಾಯ್ತು ಗೊತ್ತದ ಏನು? ಕೆಲಸ ಮಾಡೂ ವಸ್ತುವಿಗೆ ಕೆಲಸಕ್ಕ ಬರೂದಿಲ್ಲ ಅಂತ ಹೆಸರು ಬಂತು. ಇದನ್ನ ನಂಬಿ ಉಳಿದ ಬಸ್ತಿಗಿ ಯಾರು ಕೊಡ್ತಾರ? ಬರೂ ಮಳಿಗಾಲಕ್ಕ ಆ ಮಕ್ಕಳು ಇದೇ ಹೊಲಸು ನೀರು ಕುಡೀತಾವ. ಒಂದು ಕೊಡ ನೀರು ದಾಟಿಸಿ ಮೊಮ್ಮಗಳನ್ನ ಉಳಿಸ್ಕೊಂಡ್ರಿ ನೀವು. ಅವರನ್ನ ಯಾರು ಉಳಸ್ಬೇಕು?"

ಯಾವುದೋ ಸೈಟಿನ ಶೆಡ್ಡು, ಯಾವುದೋ ಡ್ರಮ್ಮು, ಯಾರದೋ ಹೆಗಲ ಮೇಲೆ ಒಂದು ಕೂಸು ಬಂಡೆಮ್ಮನ ಕಣ್ಣ ಮುಂದೆ ಬಂದವು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಿರಲಿಲ್ಲ ಎನ್ನುವುದಕ್ಕೇ ಅವಳ ಸಿಟ್ಟು ಇಮ್ಮಡಿಯಾಯಿತು. ತನ್ನ ಮೇಲೆಯೂ, ಅವನ ಮೇಲೆಯೂ.

"ಅದನ್ನ ನನಗ ಕೇಳ್ತೀರಿ?" ಅವಳ ದನಿ ಏರಲಿಲ್ಲ. ಓಣಿಯವರಿಗೆ ಹೆದರಿಕೆಯಾದದ್ದು ಅದಕ್ಕೇ. "ಒಂದು ದಾರಿ, ಈ ಕಡಿ ಒಂದು ಕೂಸು, ಆ ಕಡಿ ಒಂದು ಕೂಸು. ಇದಕ್ಕ ಕೊಡು, ಅದಕ್ಕ ಕೊಡಬ್ಯಾಡ, ಅದಕ್ಕ ಏನಾಗ್ತೈತಿ ನೋಡಿ ಬರಸು ಅಂದ್ರಿ. ನಿಮ್ಮ ಅವ್ವ ಇಲ್ಲಿ ಇದ್ರ ಕೊಡತಿರಲಿಲ್ಲೇನು? ನೀವು ಓದಿದ ಶಾಸ್ತ್ರ ತಪ್ಪು ಅನ್ನಂಗಿಲ್ಲ ನಾನು. ನನಗ ಅದು ಗೊತ್ತಿಲ್ಲ. ಆದ್ರ ಎದುರಾ ಬದುರಾ ಇಟ್ಟು ಈ ಪರೀಕ್ಷಾ ಮಾಡ್ತೀವಿ ಅಂದವರು ಯಾರು? ಅವರೊಮ್ಮೆ ಈ ಓಣ್ಯಾಗ ಒಂದು ದಿನ ನಿಂತು ನೋಡಿದ್ರೇನು?"

ಭಾಗ್ಯಶ್ರೀ ಮೆಲ್ಲಗೆ, "ಸರ್, ಬ್ಯಾರೆ ಓಣಿಗೋಳಾಗೂ ಕೇಳಬೇಕು" ಎಂದಳು. ಕೇಳಿದರು. ಅಲ್ಲೂ ಮೊದಲು ಎಲ್ಲರ ಬಾಯಲ್ಲಿ ಬೋರಿನ ನೀರೇ ಹರಿಯಿತು. ಬಂಡೆಮ್ಮ ಹಿಂದೆ ಬಂದು ನಿಂತ ಮೇಲೆ ಒಬ್ಬೊಬ್ಬರೇ ತಲೆ ತಗ್ಗಿಸಿ ನಿಜ ಹೇಳಿದರು.

ಅಂದು ಗಾಡಿ ಹತ್ತಿದ ಬಕೆಟ್ಟುಗಳು ಇಳಿದವು. ವೈಜನಾಥ ಮೇಲಿನವರ ಜೊತೆ ಏನು ಜಗಳ ಮಾಡಿದನೋ, ಕೆಲವು ತಿಂಗಳಾದ ಮೇಲೆ ಬಂದು ಹೊಸ ಪರೀಕ್ಷೆಯ ಸುದ್ದಿ ಹೇಳಿದ. ಈ ಸಲ ಕೆಲವು ಬಸ್ತಿಗಳಿಗೆ ಇಡಿಯಾಗಿ ಕೊಡುವುದು, ದೂರದ ಕೆಲವು ಬಸ್ತಿಗಳು ಒಂದು ಮಳೆಗಾಲ ಕಾಯುವುದು, ಕಾದವರಿಗೆ ಆಮೇಲೆ ಖಂಡಿತ ಕೊಡುವುದು. ಬಂಡೆಮ್ಮನ ಬಸ್ತಿಯ ಎರಡೂ ಸಾಲಿಗೂ ಬಕೆಟ್ಟು. ಕಾಯಬೇಕಾದ ಒಂದು ಬಸ್ತಿಯಲ್ಲಿ ಸುರಪುರ, ಶಹಾಪುರದ ಕಡೆಯವರೇ ಹೆಚ್ಚಿದ್ದಾರೆ, ನೀವು ಬಂದು ಒಂದು ಮಾತು ಹೇಳಬೇಕು ಎಂದ.

"ನಿಮಗ ಈ ವರ್ಷ ಇಲ್ಲ ಅನ್ನೂ ಮಾತು ನನ್ನ ಬಾಯಿಲೆ ಹೇಳಸ್ತೀರಿ. ಇದು ನನ್ನ ದಂಡ ಏನ್ರಿ?"

"ದಂಡ ಅಂತ ತಿಳ್ಕೋರಿ. ಆದ್ರ ಅವರು ನನ್ನ ಮಾತು ನಂಬೂದಿಲ್ಲ. ನಿಮ್ಮದು ನಂಬ್ತಾರ."

"ಬರ್ತೀನಿ. ಆದ್ರ ಯಾರಿಗೂ ಕೊಡೂದಿಲ್ಲ ಅಂತ ಇನ್ನೊಮ್ಮೆ ಯಾರ ಕಡಿಂದನೂ ಹೆಬ್ಬೆಟ್ಟು ಒತ್ತಿಸಬ್ಯಾಡ್ರಿ. ಕೊಟ್ರ ಕೊಟ್ಟೀವಿ ಅಂತ ಹೇಳ್ತೀವಿ ಅಂತ ಒತ್ತಿಸ್ರಿ. ಅಷ್ಟು ಆಗ್ತೈತಿ ನಮ್ಮ ಕೈಲೆ."

ವೈಜನಾಥ ಸ್ವಲ್ಪ ಯೋಚಿಸಿ ಹ್ಞೂಂ ಎಂದ.

ಆ ಬಸ್ತಿ ಕಲ್ಲುಗುಡ್ಡದ ಆಚೆ ಇತ್ತು. ಉರಿಬಿಸಿಲಲ್ಲಿ ಹೋಗಿ ನಿಂತರು. ಹೆಂಗಸರು ಸೇರಿದರು. ಬಂಡೆಮ್ಮ ಸುತ್ತಿ ಬಳಸದೆ ಹೇಳಿದಳು: ತಮ್ಮ ಓಣಿಯಲ್ಲಿ ಏನಾಯಿತು, ಸುಳ್ಳು ಹೇಳಿ ಏನು ಕೆಡಿಸಿದೆವು, ಇವರು ಯಾಕೆ ಕಾಯಬೇಕು. ನೀರು ಕುದಿಸಿ ಆರಿಸಿಯೇ ಕುಡಿಸಿ, ಭೇದಿ ಹತ್ತಿದರೆ ಸಂಜೆಯವರೆಗೆ ಕಾಯದೆ ಓಆರ್‌ಎಸ್ ಕುಡಿಸುತ್ತ ಆಸ್ಪತ್ರೆಗೆ ಓಡಿ ಎಂದಳು. ಸೊಂಟದ ಮೇಲೆ ಕೂಸಿದ್ದ ಗದಿಗೆಮ್ಮ ಎಂಬವಳು ಕೇಳಿಸಿಕೊಂಡು ಕಣ್ಣು ಕಿರಿದು ಮಾಡಿದಳು.

"ನಿಮ್ಮ ಮಕ್ಕಳು ಕುಡದು ಗಟ್ಟಿ ಆಗ್ಯಾವ. ನಮ್ಮ ಮಕ್ಕಳು ಏನು ಪಾಪ ಮಾಡ್ಯಾವ ಅಕ್ಕಾ?"

ಚೀಟಿ ಎತ್ತುವ ಮೊದಲು ಬಂಡೆಮ್ಮ ತಾನೇ ಕೇಳಿದ್ದ ಪ್ರಶ್ನೆ ಅದು.

"ಏನೂ ಮಾಡಿಲ್ಲ ತಂಗಿ. ಬೈಯಿ. ನಾನೂ ಬೈದೀನಿ. ಬೈದು, ನಿಜ ಹೇಳು. ನಾವು ಹೇಳಲಾರದಕ್ಕ ನಿಮಗ ತಡ ಆತು."

ಗದಿಗೆಮ್ಮ ಬೈಯಲಿಲ್ಲ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಬಿಸಿಲಲ್ಲಿ ಬಂದವರಿಗೆ ಕೊಡಬೇಕಲ್ಲ. ಡ್ರಮ್ಮಿನ ನೀರು, ಸ್ವಲ್ಪ ಕದಡಿದಂತಿತ್ತು. ಬಂಡೆಮ್ಮ ಅದನ್ನು ನೋಡಿದಳು. ಅದರಲ್ಲಿ ಏನಿರಬಹುದೆಂದು ಅವಳಿಗೆ ಗೊತ್ತಿತ್ತು. ತಂಬಿಗೆ ಎತ್ತಿ ಅರ್ಧ ಕುಡಿದು, ಉಳಿದರ್ಧವನ್ನು ವೈಜನಾಥನ ಮುಂದೆ ಹಿಡಿದಳು.

ಅವನ ಚೀಲದ ಪಕ್ಕದ ಜೇಬಿನಲ್ಲಿ ಮುಚ್ಚಳ ಬಿಗಿದ ನೀರಿನ ಬಾಟಲಿ ಇತ್ತು. ಎಲ್ಲರಿಗೂ ಕಾಣುತ್ತಿತ್ತು. ಅವನು ಒಂದು ಗಳಿಗೆ ಆ ತಂಬಿಗೆಯನ್ನೇ ನೋಡಿ, ಕೈಚಾಚಿ ತೆಗೆದುಕೊಂಡು ಕುಡಿದ.

"ಭಾಗ್ಯಶ್ರೀಗೆ ಹೇಳ್ರಿ" ಎಂದಳು ಬಂಡೆಮ್ಮ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. "ನಾಳಿ ಬಂದು ನಮ್ಮಿಬ್ಬರ ಹೊಟ್ಟೀದೂ ಬರಕೊಳ್ಳಾಕ."