ಎಂಟನೇ ಪರದೆ

ಊರಿನವರು ಅವನನ್ನು ಪರದೆಯಜ್ಜ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ದೀಪಸ್ತಂಭ ಕಾಯುವವನೆಂದರೆ ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವವನು ಎಂದಷ್ಟೇ ನಾವು ತಿಳಿದಿದ್ದೇವೆ. ನಿಜವಾದ ಗಂಡಾಂತರ ಇರುವುದು ಹಗಲಿನಲ್ಲಿ. ದೀಪದ ಸುತ್ತ ಆಳೆತ್ತರದ ಗಾಜಿನ ಮಸೂರವಿರುತ್ತದೆ. ಸಣ್ಣ ದೀಪದ ಬೆಳಕನ್ನು ಹದಿನೆಂಟು ಮೈಲಿ ದೂರ ಎಸೆಯುವ ಆ ಗಾಜು, ಬಿಸಿಲು ಬಿದ್ದರೆ ಬಿಸಿಲನ್ನೆಲ್ಲ ಒಂದೆಡೆ ಕೂಡಿಸಿ ಕೋಣೆಗೇ ಬೆಂಕಿ ಇಡುತ್ತದೆ. ಅದಕ್ಕೇ ಬೆಳಿಗ್ಗೆ ಸುತ್ತಲಿನ ಎಂಟು ಕಿಟಕಿಗಳಿಗೂ ಪರದೆ ಎಳೆಯಬೇಕು. ಮೂವತ್ತನಾಲ್ಕು ವರ್ಷ ಅವನು ಎಳೆದ.

ಆಮೇಲೆ ಹಡಗುಗಳಿಗೆ ದಾರಿ ತೋರಿಸುವ ಹೊಸ ಯಂತ್ರಗಳು ಬಂದವು. ದೀಪ ಆರಿಸಿದರು, ಇವನನ್ನು ಮನೆಗೆ ಕಳಿಸಿದರು. ಹನ್ನೊಂದು ವರ್ಷ ಬಾಗಿಲಿಗೆ ಬೀಗ, ಒಳಗೆ ಪಾರಿವಾಳಗಳ ದರ್ಬಾರು. ಕೊನೆಗೆ ಯಾರಿಗೋ ಜ್ಞಾನೋದಯವಾಗಿ ಅದು ಪಾರಂಪರಿಕ ಕಟ್ಟಡವಾಯಿತು; ಹೊಸ ಸುಣ್ಣ, ಫಲಕ, ಟಿಕೆಟ್ ಕಿಟಕಿ ಎಲ್ಲ ಬಂದವು. ಅದರ ಉಸ್ತುವಾರಿಗೆ ಬಂದ ಮೇಡಂ ಒಳ್ಳೆಯ ಹೆಂಗಸು. ಅಜ್ಜನನ್ನು ಹುಡುಕಿಸಿ ಕರೆಸಿದರು, ಅವನ ಫೋಟೋ ತೂಗುಹಾಕಿಸಿ ಕೆಳಗೆ ‘ಒಂದೂ ತಪ್ಪಿಲ್ಲದ ಮೂವತ್ತನಾಲ್ಕು ವರ್ಷಗಳ ಸೇವೆ’ ಎಂದು ಬರೆಸಿದರು, ಪರದೆ ಎಳೆಯುವ ಕೆಲಸವನ್ನೂ ಮತ್ತೆ ಅವನಿಗೇ ಕೊಟ್ಟರು. ಆ ಸಾಲು ಕಣ್ಣಿಗೆ ಬಿದ್ದಾಗಲೆಲ್ಲ ಅಜ್ಜನಿಗೆ ಕೆಮ್ಮು ಬರುತ್ತಿತ್ತು.

ಅವನ ಬಾಡಿಗೆ ಕೋಣೆಯಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ರೇಡಿಯೋ. ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. “ಆಯ್ತಪ್ಪ, ಸಾಕು” ಎಂದು ರೇಡಿಯೋ ಆರಿಸುವುದೇ ದಿನದ ಕೊನೆಯ ಮಾತು. ಮಂಡಿ ನೋವಿದ್ದರೂ ನೂರಾ ಮೂವತ್ತೆರಡು ಮೆಟ್ಟಿಲು ಹತ್ತಿ ಬರುವ ಅವನ ಕರ್ತವ್ಯನಿಷ್ಠೆಯನ್ನು ಮೇಡಂ ಎಲ್ಲರೆದುರು ಹೊಗಳುತ್ತಿದ್ದರು. ಅವನು ಬರುತ್ತಿದ್ದದ್ದು ಕರ್ತವ್ಯಕ್ಕಲ್ಲ. ಮೇಲಿನ ಕೋಣೆಯ ನೆಲದಲ್ಲಿ ಒಂದು ಸುಟ್ಟ ಹಲಗೆಯಿತ್ತು, ಅದರ ಪಕ್ಕ ಒಂದು ಗಳಿಗೆ ಕೂರಲು ಬರುತ್ತಿದ್ದ.

ಮೂವತ್ತು ವರ್ಷದ ಹಿಂದಿನ ಮಾತು. ಸ್ತಂಭದ ಬುಡದಲ್ಲಿದ್ದ ಮನೆಯಲ್ಲಿ ಹೆಂಡತಿ ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದಳು. ಅವಳ ಬಳಿ ಕೂತು ಎದ್ದು ಬರುವಷ್ಟರಲ್ಲಿ ಅಂದು ಒಂಬತ್ತಾಗಿತ್ತು; ಬೆಳಗಿನ ಮೋಡ ಆಗಷ್ಟೇ ಸರಿದು ಬಿಸಿಲು ಬೀಳತೊಡಗಿತ್ತು. ಏಳು ಪರದೆ ಎಳೆದಿದ್ದ, ಕೆಳಗೆ ತಟ್ಟೆಯ ಸದ್ದಾಯಿತು. ಊಟಕ್ಕೆ ಕರೆಯಲು ಅವಳು ಸೌಟಿನಿಂದ ತಟ್ಟೆಗೆ ಎರಡು ಪೆಟ್ಟು ಹೊಡೆಯುವ ರೂಢಿ. ಅಂದು ಪೆಟ್ಟು ನಿಲ್ಲಲೇ ಇಲ್ಲ. ಇವನು ಬಿದ್ದಂಬೀಳ ಇಳಿದು ಓಡಿದ. ಹೊಳೆಯಾಚೆಯ ವೈದ್ಯರಿಗೆ ಹೇಳಿ ಕಳಿಸಿದರೂ ದೋಣಿ ಬರಲಿಲ್ಲ. ಹನ್ನೊಂದು ಗಂಟೆಗೆ ಅವಳು ಅವನ ತೋಳಿನ ಮೇಲೇ ಹೋಗಿಬಿಟ್ಟಳು.

ಅಂದು ಸಂಜೆಯೂ ದೀಪ ಹಚ್ಚಬೇಕಿತ್ತು. ಅವನಲ್ಲದೆ ಇನ್ಯಾರು? ಮೇಲೆ ಬಂದು ನೋಡಿದರೆ, ಎಳೆಯದೆ ಬಿಟ್ಟ ಎಂಟನೇ ಪರದೆಯ ಕಡೆಯಿಂದ ಬಂದ ಬಿಸಿಲು ಹಲಗೆಯ ಮೇಲೆ ಸೂರ್ಯ ಸರಿದಂತೆಲ್ಲ ಕಪ್ಪು ಗೆರೆ ಸುಡುತ್ತಾ ಹೋಗಿ, ಮತ್ತೆ ಮೋಡ ಕವಿದಲ್ಲಿ ನಿಂತಿತ್ತು. ಗೆರೆಯ ಶುರು, ಅವಳು ಕರೆದ ಒಂಬತ್ತು ಗಂಟೆ. ತುದಿಗಿಂತ ನಾಲ್ಕು ಬೆರಳು ಹಿಂದೆ, ಅವಳು ಹೋದ ಹನ್ನೊಂದು. ಅವಳದೊಂದು ಫೋಟೋ ಕೂಡ ಇರಲಿಲ್ಲ ಅವನ ಬಳಿ. ಇದ್ದದ್ದು ಈ ಗೆರೆ. ಅದರ ಮೇಲೆ ಸಾಮಾನಿನ ಪೆಟ್ಟಿಗೆ ಎಳೆದಿಟ್ಟ. ಅಧಿಕಾರಿಗಳು ಬಂದರು, ಹೋದರು, ಇವನು ತುಟಿ ಪಿಟಕ್ಕೆನ್ನಲಿಲ್ಲ.

ಈಗ ಆ ಪೆಟ್ಟಿಗೆ ಪ್ರದರ್ಶನಕ್ಕೆಂದು ಕೆಳಗಿಳಿದಿತ್ತು. ಒಂದು ಬೆಳಿಗ್ಗೆ ಅಜ್ಜ ಏದುಸಿರು ಬಿಡುತ್ತಾ ಹತ್ತಿ ಬಂದರೆ ಬಡಗಿ ಹಲಗೆಯ ಸಂದಿಗೆ ಹಾರೆ ತೂರಿಸುತ್ತಿದ್ದ. ಮೇಡಂ ಪಕ್ಕದಲ್ಲಿ ನಿಂತಿದ್ದರು.

“ಅದನ್ನ ಮುಟ್ಬೇಡಪ್ಪ!”

“ಯಾಕಜ್ಜ, ಚಿನ್ನ ಗಿನ್ನ ಹೂತಿಟ್ಟಿದ್ದೀರಾ?” ಎಂದ ಬಡಗಿ.

ಮೇಡಂ ನಕ್ಕರು. “ಸುಟ್ಟಿರೋ ಹಲಗೆ ಅಜ್ಜ, ಬದಲಾಯಿಸಲೇಬೇಕು. ಅದಕ್ಕೇನಾದ್ರೂ ಚರಿತ್ರೆ ಇದ್ರೆ ಹೇಳಿ, ಮೇಲಿನವರಿಗೆ ಬರೆದು ಉಳಿಸ್ಕೋತೀನಿ. ಸುಮ್‌ಸುಮ್ನೆ ಇಟ್ಕೊಳ್ಳೋಕಾಗಲ್ಲ.”

ಚರಿತ್ರೆ ಇತ್ತು. ಹೇಳಿದರೆ ನಾಳೆಯಿಂದ ಬಂದವರೆಲ್ಲ ಲೊಚಗುಟ್ಟುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ. ಪರಿಚಯವಿಲ್ಲದವರು ಬಾಗಿಲಿಗೆ ಬಂದರೆ ಒಳಗೆ ಹೋಗಿಬಿಡುತ್ತಿದ್ದವಳು ಅವಳು.

“ನನ್ನದೇ ತಪ್ಪು ಮೇಡಂ. ಒಂದು ದಿನ ಒಂದು ಪರದೆ ಎಳೀಲಿಲ್ಲ. ಬಿಸಿಲಿಗೆ ಸುಟ್ಟಿದ್ದು.”

“ನೀವಾ! ಯಾಕೆ, ಏನಾಗಿತ್ತು?”

ಅಜ್ಜ ಸಮುದ್ರದ ಕಡೆ ನೋಡಿದ. “ಏನಿಲ್ಲ. ನಿದ್ದೆ ಹತ್ತಿಬಿಟ್ಟಿತ್ತು.”

ದೀಪ ಕಾಯುವವನಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಬಡಗಿ ತಮಾಷೆ ಮರೆತು ಹಾರೆ ಕೆಳಗಿಟ್ಟ.

ಹಲಗೆ ಉಳಿಯಿತು. ಅದರ ಮೇಲೆ ದಪ್ಪ ಗಾಜು ಹಾಸಿ, ಪಕ್ಕದಲ್ಲಿ ‘ಕಾವಲುಗಾರನ ನಿರ್ಲಕ್ಷ್ಯದಿಂದ ಸುಟ್ಟ ಹಲಗೆ’ ಎಂದು ಫಲಕ ನಿಲ್ಲಿಸಿದರು. ಕೆಳಗೆ ಫೋಟೋದಡಿಯ ಸಾಲಿನಿಂದ ‘ಒಂದೂ ತಪ್ಪಿಲ್ಲದ’ ಎಂಬುದನ್ನು ಅಳಿಸಿದರು. ಅಜ್ಜನ ಕೆಮ್ಮು ನಿಂತಿತು. ಆದರೆ ಗೆರೆಯ ಮೇಲೆ ಬೆರಳಿಟ್ಟರೆ ಈಗ ಸಿಗುತ್ತಿದ್ದದ್ದು ಬರೀ ಗಾಜು. ಅದರ ದುಃಖ ಅವನಿಗೆ ದಿನವೂ ಆಗುತ್ತಿತ್ತು.

ಒಂದು ದಿನ ಸಂಸಾರ ಸಮೇತ ಬಂದವನೊಬ್ಬ ಗಾಜಿನ ಮೇಲೆ ನಿಂತು ಫಲಕ ಓದಿ ನಕ್ಕ. “ನೋಡಿ, ಮಹಾನುಭಾವ ಗೊರಕೆ ಹೊಡೀತಿದ್ದ ಅಂತ ಕಾಣುತ್ತೆ!”

“ಹೌದು ಸ್ವಾಮಿ, ಹಾಗೇ ಇರಬೇಕು,” ಎಂದ ಪರದೆಯಜ್ಜ. ಆಮೇಲೆ ಅವನ ತೋಳನ್ನು ಮೆಲ್ಲಗೆ ಹಿಡಿದು, “ಸ್ವಲ್ಪ ಈ ಕಡೆ ನಿಂತ್ಕೋತೀರಾ?” ಎಂದು ಕೇಳಿಕೊಂಡ.

ಆತ ನಿಂತಿದ್ದದ್ದು ಹನ್ನೊಂದು ಗಂಟೆಯ ಮೇಲೆ.