ನನ್ನ ಕೆಮ್ಮಿನ ಮೇಲಿದ್ದ ಅಪವಾದ

"ಹಾಗಾದ್ರೆ ಇವರಿಗೆ ಕೊರೊನಾ ಕೊಟ್ಟದ್ದು ನಾನೇ ಎಂತ, ಭಾವ?" ಶಕ್ತಿನಗರದ ಪ್ರಯೋಗಾಲಯದಲ್ಲಿ ತಮ್ಮನ ಹೆಂಡತಿ ವರದಿಯನ್ನು ನನ್ನ ಮುಂದೆ ಹಿಡಿದಳು. ಲಸಿಕೆ ಬರುವುದಕ್ಕೆ ಮೊದಲಿನ ಮಾತಿದು. ತಮ್ಮ ಆಸ್ಪತ್ರೆ ಸೇರಿ ಬದುಕಿ ಬಂದ ಮೇಲೆ, ನನ್ನ ಕೆಮ್ಮೇ ಅದಕ್ಕೆ ಕಾರಣವೆಂದು ದೂರಿ, ತಂದೆಯ ಶ್ರಾದ್ಧದಲ್ಲೂ ತಾಯಿಯ ಶ್ರಾದ್ಧದಲ್ಲೂ ನನ್ನೊಬ್ಬನಿಗೆ ಜಗಲಿಯಲ್ಲಿ ಊಟದ ಎಲೆ ಹಾಕಿಸಿದವಳು ಆಕೆ. ಹಠ ಹಿಡಿದು ಇಬ್ಬರಿಗೂ ಪ್ರತಿಕಾಯ ಪರೀಕ್ಷೆ ಮಾಡಿಸಿದವನು ನಾನು. ನನ್ನ ರಕ್ತದಲ್ಲಿ ಹಳೆಯ ಸೋಂಕಿನ ಗುರುತಿರಲಿಲ್ಲ, ಅವಳದರಲ್ಲಿತ್ತು.

"ಯಾರಿಂದ ಯಾರಿಗೆ ಬಂತೂಂತ ಇದರಲ್ಲಿ ಗೊತ್ತಾಗುದಿಲ್ಲ ಅಮ್ಮ, ನಿಮಗೇ ನಿಮ್ಮ ಯಜಮಾನರಿಂದ ಬಂದಿರ್ಲಿಕ್ಕೂ ಸಾಕು," ಎಂದರು ವೈದ್ಯರು. ಅವಳಿಗೆ ತಿರುಗಿ ಹೇಳಲೆಂದು ತಿಂಗಳುಗಟ್ಟಲೆ ತಿದ್ದಿ ಸಿದ್ಧಪಡಿಸಿಟ್ಟಿದ್ದ ಚುಚ್ಚುಮಾತನ್ನು ನುಂಗಿಕೊಂಡು, "ಅದನ್ನೇ ಅವಳಿಗೆ ಇನ್ನೊಮ್ಮೆ ಹೇಳಿ ಡಾಕ್ಟ್ರೇ," ಎಂದೆ.

ತಮ್ಮನನ್ನು ಸಾವಿನ ಬಾಗಿಲಿಗೆ ತಳ್ಳಿದವನು ನಾನೇ ಇರಬಹುದೆಂಬ ಭಯ ಅಂದು ನನ್ನನ್ನು ಬಿಟ್ಟುಹೋಯಿತು. ಅಂಥ ಭಯ ನನಗೂ ಇತ್ತೆಂದು ಆಕೆಗೆ ಇಂದಿಗೂ ಹೇಳಿಲ್ಲ.